ಕಲ್ಲಿದ್ದಲು ಗಣಿಯ ದಿಬ್ಬದ ಮೇಲೆ ಹಸಿರು ಮರಳಿದೆಯೇ? ಅಳೆಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಓಪನ್‌ಕಾಸ್ಟ್ ಗಣಿಯಲ್ಲಿ ಕಲ್ಲಿದ್ದಲು ಸಿಗುವ ಮುಂಚೆ ಅದರ ಮೇಲಿನ ಮಣ್ಣು, ಮರಳುಗಲ್ಲು, ಜೇಡಿಗಲ್ಲು ಎಲ್ಲವನ್ನೂ ಕಿತ್ತು ಪಕ್ಕಕ್ಕೆ ಸುರಿಯಬೇಕು. ಗಣಿಯವರ ಬಾಯಲ್ಲಿ ಇದು ‘ಓಬಿ’, ಅಂದರೆ ಓವರ್‌ಬರ್ಡನ್. ಸಿಂಗ್ರೌಲಿ, ಝರಿಯಾ, ಕೊರ್ಬಾ, ಚಂದ್ರಪುರ, ತೆಲಂಗಾಣದ ಸಿಂಗರೇಣಿ, ಎಲ್ಲಿ ಹೋದರೂ ಈ ದಿಬ್ಬಗಳೇ ಕಣ್ಣಿಗೆ ಬೀಳುತ್ತವೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ರಾಯಚೂರಿನ ಶಕ್ತಿನಗರದ ಒಲೆ ಉರಿಯುವುದು ಸಿಂಗರೇಣಿಯಂಥ ಗಣಿಗಳ ಕಲ್ಲಿದ್ದಲಿನಿಂದ. ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿ ಹಂಚಿಕೆಯಾಗಿರುವುದು ಕರ್ನಾಟಕ ವಿದ್ಯುತ್ ನಿಗಮಕ್ಕೇ. ಹಾಗಾಗಿ ಇದು ಪೂರ್ತಿ ಊರಾಚೆಯ ಸಂಗತಿಯೂ ಅಲ್ಲ.

ಎಷ್ಟು ಗಿಡ ನೆಟ್ಟರು ಎಂಬ ಲೆಕ್ಕ ರಿಜಿಸ್ಟರಿನಲ್ಲೇ ಇದೆಯಲ್ಲ, ಮತ್ತೆ ಅಳೆಯುವುದೇಕೆ?

ನೆಟ್ಟ ಲೆಕ್ಕ ಖರ್ಚಿನ ಲೆಕ್ಕ. ಕಾಡಿನ ಲೆಕ್ಕ ಬೇರೆ. ಪರಿಸರ ಅನುಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಹೆಕ್ಟೇರಿಗೆ 2,500 ಗಿಡ ಎಂಬ ಷರತ್ತು ಇರುತ್ತದೆ, ಅಂದರೆ 2 ಮೀಟರ್‌ಗೊಂದರಂತೆ. ಆ ಷರತ್ತು ಗಿಡ ಇಳಿಸಿದ ದಿನವೇ ಪೂರೈಸಿಬಿಡುತ್ತದೆ. ಆಮೇಲೆ ಎಷ್ಟು ಬದುಕಿದವು, ನೀರು ಹಾಕುವುದು ನಿಂತ ಮೇಲೂ ನಿಂತವೇ, ಕೆಳಗೆ ಮಣ್ಣು ಕಟ್ಟುತ್ತಿದೆಯೇ, ಯಾರೂ ನೆಡದ ಸಸಿ ತಾನಾಗಿ ಮೊಳೆಯುತ್ತಿದೆಯೇ ಎಂಬ ನಾಲ್ಕು ಪ್ರಶ್ನೆಗೆ ರಿಜಿಸ್ಟರಿನಲ್ಲಿ ಉತ್ತರ ಇರುವುದಿಲ್ಲ. ನಾಲ್ಕಕ್ಕೂ ಒಂದೇ ವರ್ಷ ಉತ್ತರ ಹುಡುಕಬೇಡಿ. ಮೊದಲನೆಯದು ಮೊದಲ ಮೂರು ವರ್ಷದ ಪ್ರಶ್ನೆ, ಕೊನೆಯದನ್ನು ಏಳೆಂಟು ವರ್ಷದ ಮೇಲೆ ಕೇಳಿದರೆ ಅರ್ಥವಿದೆ.

ಈಗ ಇದನ್ನು ಅಧಿಕೃತವಾಗಿ ಯಾರು ನೋಡುತ್ತಾರೆ?

ಕೋಲ್ ಇಂಡಿಯಾದ ಗಣಿಗಳ ಮಟ್ಟಿಗೆ ಅದೇ ಕಂಪನಿಯ ಯೋಜನಾ ಸಂಸ್ಥೆಯಾದ ರಾಂಚಿಯ ಸಿಎಂಪಿಡಿಐ ಉಪಗ್ರಹ ಚಿತ್ರದಿಂದ ನೋಡುತ್ತದೆ. ಕಲ್ಲಿದ್ದಲು ಮತ್ತು ಓಬಿ ಸೇರಿ ವರ್ಷಕ್ಕೆ 50 ಲಕ್ಷ ಘನ ಮೀಟರ್‌ಗಿಂತ ಹೆಚ್ಚು ತೆಗೆಯುವ ಗಣಿಗಳ ಸರದಿ ಪ್ರತಿ ವರ್ಷ, ಅದಕ್ಕಿಂತ ಚಿಕ್ಕವುಗಳದ್ದು ಮೂರು ವರ್ಷಕ್ಕೊಮ್ಮೆ. ಅವರ ವರದಿ ಓದುವಾಗ ಒಂದು ಎಚ್ಚರ ಬೇಕು. ಗಣಿ ಪ್ರದೇಶವನ್ನು ಅಲ್ಲಿ ಗಿಡ ನೆಟ್ಟ ಜಾಗ, ಹಳ್ಳ ತುಂಬಿಸಿದ ಜಾಗ, ಈಗ ಅಗೆಯುತ್ತಿರುವ ಜಾಗ ಎಂದು ವಿಂಗಡಿಸಿರುತ್ತಾರೆ. ‘ಪುನಶ್ಚೇತನಗೊಂಡ’ ಶೇಕಡಾವಾರಿನಲ್ಲಿ ಮೊದಲೆರಡೂ ಕೂಡಿರುತ್ತವೆ. ಬರೀ ಮಣ್ಣು ತುಂಬಿಸಿ ಒಂದು ಹುಲ್ಲುಕಡ್ಡಿಯೂ ಇರದ ನೆಲವೂ ಆ ಸಂಖ್ಯೆಯಲ್ಲಿ ಸೇರಿಹೋಗಬಹುದು. ಆದ್ದರಿಂದ ಗಿಡ ನೆಟ್ಟ ಜಾಗದ ಅಂಕಣವನ್ನು ಬೇರೆಯಾಗಿ ಓದಿ.

ದುಡ್ಡಿನ ಕಡೆಯಿಂದ, ಗಣಿ ಮುಚ್ಚುವ ಖರ್ಚನ್ನು ಎಸ್ಕ್ರೋ ಖಾತೆಯಲ್ಲಿ (ಷರತ್ತು ಪೂರೈಸಿದ ಮೇಲಷ್ಟೇ ಹಣ ಬಿಡುವ ಖಾತೆ) ಇಡಬೇಕು. 2009ರ ಮಾರ್ಗಸೂಚಿಯಲ್ಲಿ ಓಪನ್‌ಕಾಸ್ಟ್‌ಗೆ ಹೆಕ್ಟೇರಿಗೆ 6 ಲಕ್ಷ, ನೆಲದಡಿ ಗಣಿಗೆ 1 ಲಕ್ಷ ರೂಪಾಯಿ ಎಂದಿತ್ತು. ಮುಂದೆ ಅದು 9 ಲಕ್ಷ ಮತ್ತು 1.5 ಲಕ್ಷಕ್ಕೆ ಏರಿತು. 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ಮುಗಿದ ನೆಲದಲ್ಲಿ ಹುಲ್ಲು ಬೆಳೆಸುವುದನ್ನೂ ಷರತ್ತಾಗಿ ಸೇರಿಸಲು ಹೇಳಿತು. ಮರದ ಲೆಕ್ಕದಲ್ಲೇ ಮುಳುಗಿದ್ದವರಿಗೆ ಹುಲ್ಲಿನ ನೆನಪಾದದ್ದು ಆಗಲೇ.

ಉಪಗ್ರಹದಿಂದ ಅಳೆಯಲು ಏನು ಬೇಕು?

ಒಂದು ಲ್ಯಾಪ್‌ಟಾಪು, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ, ದಿಬ್ಬದ ಗಡಿಯ ಕಡತ ಇದ್ದರೆ ಸಾಕು. ಚಿತ್ರಗಳು ಉಚಿತ. ಸೆಂಟಿನೆಲ್-2 ಉಪಗ್ರಹದ ಪಿಕ್ಸೆಲ್ (ಚಿತ್ರದ ಒಂದು ಚೌಕ) 10 ಮೀಟರ್, ಸಿಗುವುದು 2015ರಿಂದ. ಅದಕ್ಕೂ ಹಿಂದಿನ ಇತಿಹಾಸ ಬೇಕಿದ್ದರೆ 30 ಮೀಟರ್‌ನ ಲ್ಯಾಂಡ್‌ಸ್ಯಾಟ್‌ಗೆ ಹೋಗಬೇಕು. ಲ್ಯಾಂಡ್‌ಸ್ಯಾಟ್-5ರ ಚಿತ್ರಗಳು 1984ರಿಂದ ಸಿಗುತ್ತವೆ. ಲ್ಯಾಂಡ್‌ಸ್ಯಾಟ್-7ರ ಚಿತ್ರಗಳಲ್ಲಿ 2003ರ ಮೇ 31ರ ನಂತರ ಪಟ್ಟಿ ಪಟ್ಟಿ ಖಾಲಿ ಜಾಗ ಇರುತ್ತದೆ. ಚಿಕ್ಕ ದಿಬ್ಬಕ್ಕೆ ಅವನ್ನು ಬಳಸದಿರುವುದೇ ವಾಸಿ.

ಎನ್‌ಡಿವಿಐ ಎಂದರೆ ನೆಲ ಹಿಂದಕ್ಕೆಸೆಯುವ ಬೆಳಕಿನಿಂದ ಹಸಿರನ್ನು ಅಳೆಯುವ ಅಂಕಿ. ಅದರ ಸೂತ್ರ ಸರಳ: (ಅತಿಗೆಂಪು − ಕೆಂಪು) ÷ (ಅತಿಗೆಂಪು + ಕೆಂಪು). ಸೆಂಟಿನೆಲ್-2ರಲ್ಲಿ ಇವು 8 ಮತ್ತು 4ನೇ ಬ್ಯಾಂಡ್ (ಬೆಳಕಿನ ಪಟ್ಟಿ), ಲ್ಯಾಂಡ್‌ಸ್ಯಾಟ್-8ರಲ್ಲಿ 5 ಮತ್ತು 4, ಲ್ಯಾಂಡ್‌ಸ್ಯಾಟ್-5ರಲ್ಲಿ 4 ಮತ್ತು 3. ಬರಿ ಓಬಿ ಸಾಮಾನ್ಯವಾಗಿ 0.05ರಿಂದ 0.15ರೊಳಗೆ ಇರುತ್ತದೆ, ಮಳೆಗಾಲ ಮುಗಿದಾಗಿನ ದಟ್ಟ ಕಾಡು 0.6 ದಾಟುತ್ತದೆ.

ಗಡಿಯನ್ನು ಒಳಕ್ಕೆ 20 ಮೀಟರ್ ಎಳೆದುಕೊಂಡೇ ಸರಾಸರಿ ತೆಗೆಯಿರಿ. ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ದಿಬ್ಬ, ಅರ್ಧ ಪಕ್ಕದ ಹೊಲವೋ ಹಾಲ್ ರೋಡೋ (ಡಂಪರ್‌ಗಳು ಓಡಾಡುವ ಗಣಿರಸ್ತೆ) ಇರುತ್ತದೆ. ಜೊತೆಗೆ ಹತ್ತಿರದ ಅಗೆಯದ ಕಾಡಿನ ಒಂದು ತುಂಡನ್ನೂ ಗುರುತು ಮಾಡಿಟ್ಟುಕೊಂಡು, ಅದೇ ದಿನದ ಚಿತ್ರದಲ್ಲಿ ಅದರ ಎನ್‌ಡಿವಿಐ ಅಂಕಿಯನ್ನೂ ಬರೆದುಕೊಳ್ಳಿ. ಮಳೆ ಕೈಕೊಟ್ಟ ವರ್ಷ ಎರಡೂ ಇಳಿಯುತ್ತವೆ. ದಿಬ್ಬ ಒಂದೇ ಇಳಿದರೆ ತೊಂದರೆ ದಿಬ್ಬದ್ದು.

ನೆಟ್ಟ ಮೊದಲ ವರ್ಷವೇ ಎನ್‌ಡಿವಿಐ ಚೆನ್ನಾಗಿ ಏರಿದೆ. ಗಿಡ ಹಿಡಿದಿವೆ ಅಂತ ಅರ್ಥವೇ?

ಅಲ್ಲ. 10 ಮೀಟರ್ ಪಿಕ್ಸೆಲ್ ಅಂದರೆ 100 ಚದರ ಮೀಟರ್, ಅದರಲ್ಲಿ 25 ಸಸಿ. ಒಂದೊಂದರ ಎಲೆಹರವು 30 ಸೆಂಟಿಮೀಟರ್ ಅಗಲ ಎಂದರೂ 25ಕ್ಕೆ ಸೇರಿ 1.8 ಚದರ ಮೀಟರ್ ಆಗದು. ನೂರರಲ್ಲಿ ಎರಡನ್ನೂ ಮುಟ್ಟದ ಹಸಿರು ಉಪಗ್ರಹಕ್ಕೆ ಕಾಣುವುದಿಲ್ಲ. ಕಂಡದ್ದು ಮಳೆಗೆ ಎದ್ದ ಕಳೆ, ಬಿತ್ತಿದ ಸ್ಟೈಲೋ ಅಥವಾ ದೀನನಾಥ ಹುಲ್ಲು. ಅದೂ ಕೆಟ್ಟದ್ದಲ್ಲ, ಮಣ್ಣು ಹಿಡಿಯುತ್ತದೆ. ಆದರೆ ಸಸಿಯ ಲೆಕ್ಕಕ್ಕೆ ಬಾರದು. ಮೊದಲ ಮೂರು ವರ್ಷ ಸಸಿಗಳನ್ನು ನೆಲದ ಮೇಲೆ ನಡೆದೇ ಎಣಿಸಬೇಕು.

ಯಾವ ತಿಂಗಳ ಚಿತ್ರ ತೆಗೆದುಕೊಳ್ಳಬೇಕು?

ಕನಿಷ್ಠ ಎರಡು. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಮೋಡ ಸರಿದಿರುತ್ತದೆ, ಎಲೆ ತುಂಬಿರುತ್ತದೆ. ಇದು ಒಟ್ಟು ಹಸಿರಿನ ಚಿತ್ರ, ಕಳೆಯೂ ಇದರಲ್ಲಿ ಸೇರಿದೆ. ಎರಡನೆಯದು ಬೇಸಿಗೆಯದು. ಕಳೆ, ಹುಲ್ಲು ಒಣಗಿದ ಮೇಲೂ ಹಸಿರಾಗಿರುವುದೆಂದರೆ ಬೇರು ಆಳಕ್ಕಿಳಿದ ಗಿಡ. ಇಲ್ಲೊಂದು ತೊಡಕಿದೆ. ತೇಗ ಬೇಸಿಗೆಯಲ್ಲಿ ಬೋಳಾಗಿ ನಿಲ್ಲುತ್ತದೆ. ತೇಗ ಹೆಚ್ಚಿರುವ ಸಿಂಗರೇಣಿಯ ತೋಪಿನ ಏಪ್ರಿಲ್ ಚಿತ್ರ ನೋಡಿ ‘ಸತ್ತಿದೆ’ ಎಂದು ಬರೆದರೆ ನಗೆಪಾಟಲು. ಆ ತೋಪಿನಲ್ಲಿ ಯಾವ ಮರ ಎಷ್ಟಿದೆ ಎಂಬುದನ್ನು ಮೊದಲು ತಿಳಿದುಕೊಂಡು ಬೇಸಿಗೆಯ ತಿಂಗಳನ್ನು ಗೊತ್ತುಮಾಡಿ. ಒಮ್ಮೆ ಗೊತ್ತುಮಾಡಿದ ಮೇಲೆ ವರ್ಷ ವರ್ಷವೂ ಅದೇ ಹದಿನೈದು ದಿನ. ಈ ಸಲದ ನವೆಂಬರನ್ನು ಹೋದ ಸಲದ ಜನವರಿಗೆ ಹೋಲಿಸಿ ಗಾಬರಿಯಾದವರು ಕಡಿಮೆಯಿಲ್ಲ.

2022ರಿಂದ ಈಚೆಗೆ ನಮ್ಮ ಇಡೀ ಪ್ರದೇಶದ ಎನ್‌ಡಿವಿಐ ಧಡಾರನೆ ಬಿದ್ದಿದೆ. ಏನಾಯಿತು?

ಕಾಡಿಗೆ ಏನೂ ಆಗಿಲ್ಲ, ನಿಮ್ಮ ಲೆಕ್ಕಕ್ಕೆ ಆಗಿದೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಹೊಸ ಕಡತಗಳಲ್ಲಿ ಪ್ರತಿ ಪಿಕ್ಸೆಲ್‌ನ ಅಂಕಿಗೂ 1,000 ಕೂಡಿಸಿರುತ್ತಾರೆ. ಅದನ್ನು ಕಳೆದು ಆಮೇಲೆ 10,000ದಿಂದ ಭಾಗಿಸಬೇಕು. ಕೆಂಪು 0.05, ಅತಿಗೆಂಪು 0.25 ಇದ್ದರೆ ನಿಜವಾದ ಎನ್‌ಡಿವಿಐ 0.67. ಸಾವಿರ ಕಳೆಯದಿದ್ದರೆ ಅವೇ 0.15 ಮತ್ತು 0.35 ಆಗಿ ಉತ್ತರ 0.40ಕ್ಕೆ ಕುಸಿಯುತ್ತದೆ. ಗೂಗಲ್ ಅರ್ತ್ ಎಂಜಿನ್‌ನಲ್ಲಿ ‘ಹಾರ್ಮೊನೈಸ್ಡ್’ ಎಂದಿರುವ ಸಂಗ್ರಹ ಆರಿಸಿಕೊಂಡರೆ ಈ ಕೆಲಸ ಅದೇ ಮಾಡಿರುತ್ತದೆ. ಲ್ಯಾಂಡ್‌ಸ್ಯಾಟ್ ಕಲೆಕ್ಷನ್-2ಕ್ಕೂ ಇಂಥದ್ದೇ ನಿಯಮ ಇದೆ: ಪಿಕ್ಸೆಲ್‌ನ ಅಂಕಿಯನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು.

ಕಲ್ಲಿದ್ದಲು ಪುಡಿ ಬಿದ್ದ ಕಪ್ಪು ನೆಲದಲ್ಲಿ ಎನ್‌ಡಿವಿಐ ನಂಬಬಹುದೇ?

ಅರ್ಧಂಬರ್ಧ. ಕಪ್ಪು ಮೈ ಎರಡೂ ಬ್ಯಾಂಡಿನಲ್ಲಿ ಬೆಳಕನ್ನು ನುಂಗುತ್ತದೆ. ಕೆಂಪು 0.03, ಅತಿಗೆಂಪು 0.04 ಇದ್ದರೆ ಉತ್ತರ 0.14. ಅತಿಗೆಂಪಿನಲ್ಲಿ 0.01ರಷ್ಟು ದೋಷ ಬಂದರೂ ಅದು 0.25ಕ್ಕೆ ಹಾರುತ್ತದೆ, ಗಿಡವೇ ಇಲ್ಲದೆ ಹಸಿರು! ಇಂಥ ಕಡೆ ನೆಲದ ಬಣ್ಣದ ಪ್ರಭಾವ ತಗ್ಗಿಸುವ ಎಸ್‌ಎವಿಐ ವಾಸಿ: ಎನ್‌ಡಿವಿಐ ಸೂತ್ರದ ಛೇದಕ್ಕೆ 0.5 ಕೂಡಿಸಿ, ಬಂದ ಉತ್ತರವನ್ನು 1.5ರಿಂದ ಗುಣಿಸಿ. ಮೋಡದ ನೆರಳು ತೆಗೆಯುವ ತಂತ್ರಾಂಶ ಕಲ್ಲಿದ್ದಲು ರಾಶಿಯನ್ನೇ ನೆರಳೆಂದೋ ನೀರೆಂದೋ ಅಳಿಸಿಹಾಕುವುದೂ ಉಂಟು. ಅಳಿಸಿದ್ದು ಎಲ್ಲಿ ಎಂದು ಒಮ್ಮೆ ಕಣ್ಣಲ್ಲೇ ನೋಡಿ. ಹಾಲ್ ರೋಡ್ ಪಕ್ಕದ ಗಿಡಗಳ ಎಲೆ ಮೇಲೆ ಧೂಳು ಕೂತಿದ್ದರೆ ಬದುಕಿರುವ ಗಿಡವೂ ಮಂಕಾಗಿ ಕಾಣುತ್ತದೆ. ಒಂದು ಒಳ್ಳೆ ಮಳೆ ಬಿದ್ದ ನಂತರದ ಚಿತ್ರ ಆರಿಸಿದರೆ ಈ ಗೊಂದಲ ತಪ್ಪುತ್ತದೆ.

ನೆಲದ ಮೇಲೆ ಎಷ್ಟು ಪ್ಲಾಟ್ (ಗಿಡ ಎಣಿಸಲು ಗುರುತು ಮಾಡಿದ ಚೌಕ) ಹಾಕಬೇಕು?

ಗಿಡ ಎಷ್ಟು ಏರುಪೇರಾಗಿದೆ ಎಂಬುದರ ಮೇಲೆ ನಿಂತಿದೆ. ಮೊದಲು ಎಂಟು ಹತ್ತು ಪ್ಲಾಟ್ ಎಣಿಸಿ, ಏರುಪೇರಿನ ಶೇಕಡಾವಾರು ಕಂಡುಕೊಳ್ಳಿ (ಪ್ರಮಾಣ ವಿಚಲನೆ ÷ ಸರಾಸರಿ × 100). ಅದನ್ನು ನೀವು ಒಪ್ಪುವ ತಪ್ಪಿನ ಶೇಕಡಾವಾರಿನಿಂದ ಭಾಗಿಸಿ, 1.64ರಿಂದ ಗುಣಿಸಿ, ವರ್ಗ ಮಾಡಿ. ಏರುಪೇರು ಶೇ 40, ತಪ್ಪು ಶೇ 10ರೊಳಗೆ ಬೇಕು ಎಂದರೆ 43 ಪ್ಲಾಟ್. ಶೇ 20 ಸಾಕು ಎಂದರೆ 11. ಇದು ಶೇ 90ರ ಭರವಸೆಯ ಲೆಕ್ಕ. ಪ್ಲಾಟ್ ಕಡಿಮೆ ಇದ್ದಾಗ ಒಂದೆರಡು ಹೆಚ್ಚಿಗೆ ಹಾಕಿಕೊಳ್ಳಿ.

ದಿಬ್ಬದ ಮೇಲ್ಗಡೆಯ ಮಟ್ಟಸ ಜಾಗ, ಇಳಿಜಾರು, ಬೆಂಚುಗಳನ್ನು (ಇಳಿಜಾರಿನ ನಡುವಿನ ಮೆಟ್ಟಿಲಿನಂಥ ಪಟ್ಟಿ) ಬೇರೆ ಬೇರೆ ಮಾಡಿ ಹಂಚಿ. ನೈಋತ್ಯಕ್ಕೆ ಮುಖ ಮಾಡಿದ ಇಳಿಜಾರಿಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ, ಸಾವು ಅಲ್ಲೇ ಜಾಸ್ತಿ. ಜಾಗಗಳನ್ನು ಕಂಪ್ಯೂಟರಿನಿಂದ ಚೀಟಿ ಎತ್ತಿದ ಹಾಗೆ ಆರಿಸಿ. ಗೆಸ್ಟ್ ಹೌಸಿನಿಂದ ಹೋಗುವ ದಾರಿಯ ಅಕ್ಕಪಕ್ಕ ಎಲ್ಲ ಗಣಿಯಲ್ಲೂ ಗಿಡ ಚೆನ್ನಾಗಿಯೇ ಇರುತ್ತದೆ!

ಪ್ಲಾಟ್ ಹಾಕುವ ಸರಿಯಾದ ಕ್ರಮ?

ಮರಕ್ಕೆ 10 × 10 ಮೀಟರ್, ಅದರೊಳಗೆ ಒಂದು ಮೂಲೆಯಲ್ಲಿ ಪೊದೆಗೆ 5 × 5, ಹುಲ್ಲು ಮತ್ತು ಸಣ್ಣ ಗಿಡಕ್ಕೆ 1 × 1ರ ನಾಲ್ಕು ಚೌಕ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಿ 10 ಮೀಟರ್ ಅಳೆದರೆ ತಪ್ಪು. ಓಬಿ ದಿಬ್ಬದ ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು ಎಂಬುದು ವಾಡಿಕೆಯ ಷರತ್ತು. 28 ಡಿಗ್ರಿಯಲ್ಲಿ 10 ಮೀಟರ್ ಸಮತಲ ದೂರ ಬರಬೇಕಾದರೆ ಇಳಿಜಾರಿನುದ್ದಕ್ಕೆ 11.33 ಮೀಟರ್ ಅಳೆಯಬೇಕು. ಇಲ್ಲದಿದ್ದರೆ ಪ್ಲಾಟು 88 ಚದರ ಮೀಟರಿಗೆ ಕುಗ್ಗಿ, ಹೆಕ್ಟೇರಿನ ಲೆಕ್ಕದಲ್ಲಿ ಶೇ 12ರಷ್ಟು ಗಿಡ ಕಾಣೆಯಾಗುತ್ತವೆ. ಇಳಿಜಾರಿನ ಕೋನ ನೋಡಲು ಫೋನಿನ ಕ್ಲೈನೋಮೀಟರ್ ಆ್ಯಪ್ ಸಾಕು.

ಮೂಲೆಗೆ ಕಬ್ಬಿಣದ ಗೂಟ ಹೊಡೆಯಬೇಡಿ, ಮುಂದಿನ ವರ್ಷಕ್ಕೆ ಅದು ಗುಜರಿ ಅಂಗಡಿಯಲ್ಲಿರುತ್ತದೆ. ಸಿಮೆಂಟ್ ಕಂಬದ ತುಂಡನ್ನು ಮುಕ್ಕಾಲು ಪಾಲು ಹೂತು, ತಲೆಗೆ ಬಣ್ಣ ಬಳಿಯಿರಿ. ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಅತ್ತಿತ್ತ ಹೋಗುವುದರಿಂದ, ಹತ್ತಿರದ ದೊಡ್ಡ ಬಂಡೆಯಿಂದಲೋ ವಿದ್ಯುತ್ ಕಂಬದಿಂದಲೋ ದೂರ ಮತ್ತು ದಿಕ್ಕನ್ನೂ ಬರೆದಿಡಿ. ಹೊಸದಾಗಿ ತುಂಬಿಸಿದ ನೆಲ ಕುಸಿಯುತ್ತ ಕೂರುತ್ತದೆ, ಕಂಬವೂ ಅದರ ಜೊತೆ ಸರಿಯಬಹುದು.

ಒಂದು ಮೂಲೆಯಲ್ಲಿ ನಿಂತು ಎದುರು ಮೂಲೆಯ ಕಡೆಗೆ ಫೋಟೊ ತೆಗೆಯಿರಿ. ಪ್ರತಿ ವರ್ಷ ಅದೇ ಜಾಗ, ನೆಲದಿಂದ 1.5 ಮೀಟರ್ ಎತ್ತರ, ಅದೇ ದಿಕ್ಕು. ಫೋನಿನ ಅಗಲದ ಲೆನ್ಸ್ ಬೇಡ. ಅದರಲ್ಲಿ ಗಿಡಗಳು ಕುಗ್ಗಿ ಕಾಣುತ್ತವೆ, ಹೋದ ವರ್ಷದ ಚಿತ್ರದ ಜೊತೆ ಇಟ್ಟು ನೋಡಲಾಗದು.

ಪ್ಲಾಟಿನಲ್ಲಿ ಏನೇನು ಬರೆದುಕೊಳ್ಳಬೇಕು?

ಪ್ರತಿ ಮರದ ಜಾತಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ, ಎತ್ತರ. ಎದೆಮಟ್ಟಕ್ಕೆ ಬಾರದ ಸಸಿಗೆ ಬುಡದ ದಪ್ಪ. ಸುತ್ತಳತೆ 31.4 ಸೆಂಟಿಮೀಟರ್ ಎಂದರೆ ವ್ಯಾಸ 10, ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಹೆಕ್ಟೇರಿಗೆ ಇದರ ಮೊತ್ತ ವರ್ಷ ವರ್ಷ ಏರುತ್ತಿದ್ದರೆ ತೋಪು ಬೆಳೆಯುತ್ತಿದೆ. ಮರಗಳ ಸಂಖ್ಯೆ ಇಳಿದು ಈ ಮೊತ್ತ ಏರಿದರೂ ಭಯವಿಲ್ಲ, ಒತ್ತೊತ್ತಾಗಿದ್ದವು ತಾವೇ ತೆಳುವಾಗುತ್ತಿವೆ.

ಜಾತಿವೈವಿಧ್ಯಕ್ಕೆ ಶಾನನ್ ಸೂಚ್ಯಂಕ ಬಳಸುತ್ತಾರೆ. ಎರಡು ಜಾತಿ ಸಮಸಮ ಇದ್ದರೆ 0.69. ಅದೇ ಎರಡು ಜಾತಿ 90ಕ್ಕೆ 10 ಇದ್ದರೆ 0.33. ಜಾತಿಗಳ ಪಟ್ಟಿ ಉದ್ದವಿದ್ದರೂ ಒಂದೇ ಮರ ಮೆರೆಯುತ್ತಿದ್ದರೆ ಈ ಅಂಕಿ ಹೇಳಿಬಿಡುತ್ತದೆ.

ಎಲ್ಲಕ್ಕಿಂತ ಬೆಲೆಯುಳ್ಳ ಅಂಕಣ ‘ತಾನಾಗಿ ಬಂದ ಸಸಿ’. ಗಿಡ ನೆಟ್ಟದ್ದು ಸಾಲಿನಲ್ಲಿ. ಸಾಲಿನ ನಡುವೆ ಮೊಳೆತದ್ದನ್ನು ಯಾರೂ ನೆಟ್ಟಿಲ್ಲ. ಅದರಲ್ಲೂ ನೇರಳೆ, ಬೋರೆ, ಆಲ, ಬಸರಿಯ ಸಸಿ ಕಂಡರೆ ಹಕ್ಕಿಗಳು, ಪ್ರಾಣಿಗಳು ಬಂದು ಹೋಗುತ್ತಿವೆ ಎಂದು ಲೆಕ್ಕ. ಮುತ್ತುಗದ ಕಾಯಿ ಗಾಳಿಗೂ ಹಾರಿ ಬರುತ್ತದೆ, ಅದರಿಂದ ಅಷ್ಟು ತಿಳಿಯುವುದಿಲ್ಲ.

ಬದುಕುಳಿದ ಪ್ರಮಾಣ ಶೇ 95 ಎಂದು ವರದಿಯಲ್ಲಿದೆ. ಒಪ್ಪಬಹುದೇ?

ಮರುನೆಡುವಿಕೆ ಸೇರಿದೆಯೇ ಎಂದು ಕೇಳಿ. 1,000 ಸಸಿ ನೆಟ್ಟರು, ಬೇಸಿಗೆಗೆ 300 ಸತ್ತವು, ಜುಲೈನಲ್ಲಿ ಅಷ್ಟನ್ನೂ ಮತ್ತೆ ನೆಟ್ಟರು ಎಂದಿಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಹಳೆಯವು 680, ಹೊಸವು 270 ಇವೆ. ಒಟ್ಟು 950, ಶೇ 95! ನಿಜದಲ್ಲಿ ಒಂದು ಬೇಸಿಗೆ ದಾಟಿ ಉಳಿದದ್ದು ಶೇ 68ರಷ್ಟೇ, ಮಿಕ್ಕವಕ್ಕೆ ಪರೀಕ್ಷೆಯೇ ಇನ್ನೂ ಬಂದಿಲ್ಲ. ಮರುನೆಟ್ಟ ಸಸಿಗೆ ಬೇರೆ ಬಣ್ಣದ ಕಡ್ಡಿ ಚುಚ್ಚಿ, ಅಂಕಣವನ್ನೂ ಬೇರೆ ಇಡಿ. ಎಣಿಕೆ ವರ್ಷಕ್ಕೆ ಎರಡು ಸಲ: ಮಳೆಗಾಲ ಮುಗಿದಾಗ ಒಮ್ಮೆ, ಮೇ ಕೊನೆಯಲ್ಲಿ ಒಮ್ಮೆ. ಬೇಸಿಗೆಯಲ್ಲಿ ಎಲೆಯುದುರಿದ ಸಸಿ ಸತ್ತಿದೆಯೋ ಮಲಗಿದೆಯೋ ತಿಳಿಯಲು ಉಗುರಿನಿಂದ ಬುಡದ ತೊಗಟೆ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ.

ಮಣ್ಣಿನಲ್ಲಿ ಏನು ನೋಡಬೇಕು? ಸಾವಯವ ಇಂಗಾಲ ಮೊದಲ ವರ್ಷವೇ ಶೇ 2 ಬಂದಿದೆ!

ಅದು ಕಲ್ಲಿದ್ದಲು. ಪ್ರಯೋಗಾಲಯದ ವಾಕ್ಲಿ-ಬ್ಲ್ಯಾಕ್ ವಿಧಾನಕ್ಕೆ ಎಲೆಗೊಬ್ಬರದ ಇಂಗಾಲ ಯಾವುದು, ಓಬಿಯಲ್ಲಿ ಬೆರೆತ ಕಲ್ಲಿದ್ದಲು ಚೂರಿನದು ಯಾವುದು ಎಂಬ ಭೇದ ಪೂರ್ತಿ ತಿಳಿಯದು. ಸುಟ್ಟು ತೂಕ ನೋಡುವ ವಿಧಾನದಲ್ಲಂತೂ ಕಲ್ಲಿದ್ದಲು ಪೂರ್ತಿ ಉರಿದು ಲೆಕ್ಕ ಇನ್ನೂ ಕೆಡುತ್ತದೆ. ಅದೇ ದಿಬ್ಬದ ಗಿಡವಿಲ್ಲದ ತಾಜಾ ಓಬಿಯ ಮಾದರಿಯನ್ನೂ ಕಳಿಸಿ, ಅದರ ಅಂಕಿಯನ್ನು ಕಳೆದು ಉಳಿದದ್ದನ್ನು ನೋಡಿ. ಅದೂ ಅಂದಾಜೇ. ಜೊತೆಗೆ ಲಭ್ಯ ಸಾರಜನಕ ಮತ್ತು ಮಣ್ಣಿನ ಉಸಿರಾಟದ ಪರೀಕ್ಷೆ ಮಾಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಪಿಎಚ್ ನೋಡುವುದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ. ಗೊಂಡ್ವಾನ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಆದ್ದರಿಂದ ಸಿಂಗ್ರೌಲಿ, ಸಿಂಗರೇಣಿಗಳ ಕಡೆ ಹುಳಿ ಅಷ್ಟು ಕಾಡುವುದಿಲ್ಲ. ಅಸ್ಸಾಂ, ಮೇಘಾಲಯದ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಅಲ್ಲಿ ಪೈರೈಟ್ (ಗಂಧಕ ಬೆರೆತ ಕಬ್ಬಿಣದ ಖನಿಜ) ಗಾಳಿ ನೀರಿಗೆ ತೆರೆದುಕೊಂಡು ಆಮ್ಲವಾಗುತ್ತದೆ, ಸುಣ್ಣ ಹಾಕದೆ ಗಿಡ ಏಳುವುದು ಕಷ್ಟ.

ಮಣ್ಣಿನ ಗಟ್ಟಿತನ ಇನ್ನೊಂದು. ಓಬಿಯಲ್ಲಿ ಕಲ್ಲು ತುಂಬಿರುವುದರಿಂದ ಕೊಳವೆ ಹೊಡೆಯಲು ಆಗುವುದಿಲ್ಲ. 20 ಸೆಂಟಿಮೀಟರ್ ಘನದ ಗುಂಡಿ ತೋಡಿ, ತೆಳು ಪ್ಲಾಸ್ಟಿಕ್ ಹಾಸಿ, ಅಂಚಿನವರೆಗೆ ಎಷ್ಟು ಲೀಟರ್ ನೀರು ಹಿಡಿಯಿತು ಎಂದು ಅಳೆಯಿರಿ. ತೋಡಿದ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ಲೀಟರಿನಿಂದ ಭಾಗಿಸಿ. 2 ಮಿಲಿಮೀಟರ್ ಜರಡಿ ಹಿಡಿದು ಕಲ್ಲಿನ ಪಾಲನ್ನೂ ಬೇರೆ ಬರೆಯಿರಿ. ಲೀಟರಿಗೆ 1.6 ಕಿಲೋ ದಾಟಿದರೆ ಬೇರಿಗೆ ತ್ರಾಸ. ದಿಬ್ಬದ ತಲೆ ಮಟ್ಟಸವಾಗಿದ್ದರೂ ಅಲ್ಲಿನ ಗಿಡ ಕುಳ್ಳಾಗಿಯೇ ಉಳಿಯುವುದು ಡಂಪರ್‌ಗಳು ಓಡಾಡಿ ತುಳಿದದ್ದರಿಂದ. ಗೊಬ್ಬರ ಸುರಿದು ಫಲವಿಲ್ಲ, ರಿಪ್ಪರ್ ಎಂಬ ಉಕ್ಕಿನ ಕೊಕ್ಕೆಯಿಂದ ನೆಲ ಸೀಳಬೇಕು.

ದ್ವಿದಳ ಗಿಡಗಳ ಬೇರಿನ ಗಂಟು ಕಿತ್ತು ಕತ್ತರಿಸಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಹಸಿರೋ ಕಂದೋ ಆಗಿದ್ದರೆ ನಿಂತಿದೆ.

ಅಕೇಶಿಯಾ, ಸುಬಾಬುಲ್ ಬೇಗ ಹಸಿರಾಗುತ್ತವಲ್ಲ, ಅವನ್ನೇ ನೆಟ್ಟರೆ ತಪ್ಪೇನು?

ಉಪಗ್ರಹಕ್ಕೆ ತಪ್ಪೇನೂ ಕಾಣುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಅಕೇಶಿಯಾ ತೋಪು ವರ್ಷವಿಡೀ 0.6ರ ಮೇಲೆ ಹೊಳೆಯುತ್ತದೆ. ಒಳಹೊಕ್ಕು ನೋಡಿದರೆ ಬೇಗ ಕೊಳೆಯದ ಒರಟು ಎಲೆಯ ಹಾಸು, ಕೆಳಗೆ ಬೇರೆ ಜಾತಿಯ ಮರಿ ಅಪರೂಪ. ಸುಬಾಬುಲ್ ತನ್ನದೇ ಸಸಿಗಳನ್ನು ಹಾಸಿಬಿಡುತ್ತದೆ. ಲಂಟಾನ, ಪಾರ್ಥೇನಿಯಂ, ಬಳ್ಳಾರಿ ಜಾಲಿ ಹೊಕ್ಕರೂ ಎನ್‌ಡಿವಿಐ ಮೇಲೇ ಹೋಗುತ್ತದೆ. ಆದ್ದರಿಂದ ವರದಿಯಲ್ಲಿ ಹಸಿರಿನ ಅಂಕಿಯ ಪಕ್ಕ ಎರಡು ಅಂಕಿ ಕಡ್ಡಾಯವಾಗಿರಲಿ: ಅದರಲ್ಲಿ ಹೊರಗಿನ ಜಾತಿ ಎಷ್ಟು ಪಾಲು, ತಾನಾಗಿ ಬಂದ ಸ್ಥಳೀಯ ಸಸಿ ಹೆಕ್ಟೇರಿಗೆ ಎಷ್ಟು. ಶಿವನೆ, ಬಾಗೆ, ಹಿಪ್ಪೆ, ಬೇವು, ಕಿರುಬಿದಿರು ನಿಧಾನಕ್ಕೆ ಬಂದರೂ ಬರಲಿ.

ಆರೇಳು ವರ್ಷ ಚೆನ್ನಾಗಿದ್ದ ಮರಗಳು ಒಂದೇ ಕಡೆ ಗುಂಪಾಗಿ ಒಣಗುತ್ತಿವೆ. ಯಾಕೆ?

ಕೈಯಿಂದ ನೆಲ ಮುಟ್ಟಿ ನೋಡಿ. ಝರಿಯಾದಲ್ಲಿ 1916ರಿಂದಲೂ ನೆಲದಡಿ ಬೆಂಕಿ ದಾಖಲಾಗಿದೆ, ಕಲ್ಲಿದ್ದಲು ಬೆರೆತ ಓಬಿಯೂ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಿರುಕಿನಿಂದ ಬೆಳಗಿನ ಚಳಿಯಲ್ಲಿ ಆವಿ ಏಳುತ್ತಿದ್ದರೆ, ಗಂಧಕದ ವಾಸನೆ ಇದ್ದರೆ ಹತ್ತಿರ ಹೋಗಬೇಡಿ. ನೆಲ ಕುಸಿಯಬಹುದು. ಗಣಿಯ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಬಿಸಿ ಇಲ್ಲವೆಂದರೆ ಬೇರು ಗಟ್ಟಿ ಪದರಕ್ಕೆ ಬಡಿದು ನಿಂತಿರಬಹುದು. ಚಿಕ್ಕ ಮರಕ್ಕೆ ಸಾಕಾಗಿದ್ದ ಆಳ ದೊಡ್ಡದಕ್ಕೆ ಸಾಲದೆ ಮೊದಲ ಬರಗಾಲಕ್ಕೇ ಒಣಗುತ್ತದೆ. ಸಾಲಾಗಿ, ಇಳಿಜಾರಿನ ಉದ್ದಕ್ಕೆ ಸತ್ತಿದ್ದರೆ ಕೊರಕಲು ಹುಡುಕಿ. ಮೇಲಿನ ಚರಂಡಿ ಒಡೆದು ನೀರು ಬೇರನ್ನೇ ತೊಳೆದಿರುತ್ತದೆ.

ಡ್ರೋನ್ ಕೊಳ್ಳಲೇಬೇಕೇ?

ಬೇಕಿಲ್ಲ. ಇದ್ದರೆ ಮೂರನೇ ವರ್ಷದಿಂದ ಮರ ಮರವಾಗಿ ಎಣಿಸಲು ಅನುಕೂಲ. ಚಿತ್ರಗಳು ಒಂದರ ಮೇಲೊಂದು ಶೇ 75–80 ಕೂಡಿರಲಿ, ಹಾರಾಟ ನಡುಹಗಲಿನ ಆಸುಪಾಸಿನಲ್ಲಿರಲಿ. ಇಳಿಜಾರಿನಲ್ಲಿ ಒಂದೇ ಎತ್ತರಕ್ಕೆ ಹಾರಿಸಿದರೆ ಮೇಲಿನ ಬೆಂಚಿನ ಚಿತ್ರಗಳ ಕೂಡುವಿಕೆ ಕಡಿಮೆಯಾಗಿ ನಕ್ಷೆ ಹರಿಯುತ್ತದೆ. ನೆಲದ ಏರಿಳಿತ ಹಿಂಬಾಲಿಸುವ ಸೆಟ್ಟಿಂಗ್ ಹಾಕಿ. ಬಹುವರ್ಣ ಕ್ಯಾಮೆರಾ ಆದರೆ ಹಾರಾಟದ ಮುಂಚೆ, ನಂತರ ಎರಡು ಸಲವೂ ಬೂದು ಫಲಕದ ಚಿತ್ರ ತೆಗೆಯದೆ ಬಂದ ಅಂಕಿ ಮುಂದಿನ ವರ್ಷಕ್ಕೆ ಹೋಲಿಕೆಗೆ ಬರುವುದಿಲ್ಲ. 2021ರ ಡ್ರೋನ್ ನಿಯಮದ ಹಸಿರು ವಲಯದಲ್ಲಿ (ಮುಂಗಡ ಅನುಮತಿ ಬೇಡದ ವಾಯುಪ್ರದೇಶ) 400 ಅಡಿವರೆಗೆ ಹಾರಿಸಬಹುದು. ಗಣಿಯಲ್ಲಿ ಸ್ಫೋಟದ ವೇಳೆಯನ್ನು ಕೇಳಿಕೊಂಡೇ ಹೋಗಿ.

ಎಷ್ಟು ವರ್ಷ ನೋಡಬೇಕು?

ಅಮೆರಿಕದ 1977ರ ಕಾಯ್ದೆಯಲ್ಲಿ ವರ್ಷಕ್ಕೆ 26 ಅಂಗುಲಕ್ಕಿಂತ ಹೆಚ್ಚು ಮಳೆ ಬೀಳುವ ಕಡೆ 5 ವರ್ಷ, ಕಡಿಮೆ ಬೀಳುವ ಕಡೆ 10 ವರ್ಷ ಹೊಣೆ ಗಣಿಯವರದ್ದು. ಅದಕ್ಕಿಂತ ಮುಖ್ಯವಾದ ಸಂಗತಿ ಏನೆಂದರೆ, ಗಡಿಯಾರ ಶುರುವಾಗುವುದು ಕೊನೆಯ ಸಲ ಬೀಜ, ಗೊಬ್ಬರ, ನೀರು ಕೊಟ್ಟ ವರ್ಷದ ನಂತರ. ಕೊನೆಗೆ ಹಸಿರುಹೊದಿಕೆ ನಿಗದಿತ ಮಟ್ಟದ ಶೇ 90 ಮುಟ್ಟಿರಬೇಕು. ನಮ್ಮಲ್ಲೂ ವರದಿಯ ಮೊದಲ ಸಾಲಿನಲ್ಲಿ ‘ಕೊನೆಯ ಸಲ ನೀರು ಹಾಕಿದ ದಿನಾಂಕ’ ಬರೆದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಮೊದಲ ಐದು ವರ್ಷ ಪ್ರತಿ ವರ್ಷ, ಆಮೇಲೆ 7, 10, 15ನೇ ವರ್ಷ ಎಣಿಕೆ ಮಾಡುವುದು ಸಾಧ್ಯವಾಗುವ ಕೆಲಸ.

ಇದೇ ವಿಧಾನ ಸಂಡೂರು, ಬಳ್ಳಾರಿಯ ಕಬ್ಬಿಣದ ಗಣಿಗಳಿಗೆ ನಡೆಯುತ್ತದೆಯೇ?

ಪ್ಲಾಟು, ಎಣಿಕೆ, ಫೋಟೊ ಎಲ್ಲ ಹಾಗೆಯೇ. 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಗಣಿ ಗಣಿಗೂ ಪುನಶ್ಚೇತನ ಯೋಜನೆ ಆಗಿದೆ, ಎಣಿಕೆಯನ್ನು ಅದರ ಜೊತೆ ಇಟ್ಟು ನೋಡಬಹುದು. ಉಪಗ್ರಹದ ಅಂಕಿಗಳನ್ನು ಮಾತ್ರ ಇಲ್ಲಿಂದ ಎತ್ತಿಕೊಂಡು ಹೋಗಬೇಡಿ. ಕಬ್ಬಿಣದ ಕೆಮ್ಮಣ್ಣು ಕೆಂಪು ಬ್ಯಾಂಡಿನಲ್ಲಿ ಹೆಚ್ಚು ಬೆಳಕು ಹಿಂದಕ್ಕೆಸೆಯುತ್ತದೆ, ಬರಿ ನೆಲದ ಎನ್‌ಡಿವಿಐ ಓಬಿಯದಕ್ಕಿಂತ ಬೇರೆ ಇರುತ್ತದೆ. ಗಿಡವಿಲ್ಲದ ಅಲ್ಲಿನದೇ ನೆಲದ ಹತ್ತಿಪ್ಪತ್ತು ಪಿಕ್ಸೆಲ್ ತೆಗೆದು, ಅದನ್ನೇ ಸೊನ್ನೆ ಎಂದಿಟ್ಟುಕೊಂಡು ಅಲ್ಲಿಂದ ಮೇಲಕ್ಕೆ ಎಣಿಸಿ.